ಚಿತ್ತವಿಕಲತೆಯ ಔಷಧಗಳೂ ರೋಗಿಯ ದೇಹವೂ

ಔಷಧವೆಂಬುದು ರೋಗವನ್ನು ಕಳೆಯುವ ವಸ್ತುವೆಂದು ನಾವೆಲ್ಲರೂ ಬಲ್ಲೆವು. ಆದರೆ ಒಂದು ರೋಗವನ್ನು ತಗ್ಗಿಸುತ್ತಲೇ ದೇಹದಲ್ಲಿ ಬೇರೆ ತೊಂದರೆಗಳನ್ನು ಎಬ್ಬಿಸುವ ಔಷಧಗಳೂ ಉಂಟು. ಅವುಗಳಲ್ಲಿ ಮನೋರೋಗದ ಔಷಧಗಳ ಸಂಗತಿ ವಿಚಿತ್ರವಾದುದು. ಜ್ವರದ ಗುಳಿಗೆ ನುಂಗಿ ಹೊಟ್ಟೆ ಉರಿದರೆ "ಗುಳಿಗೆ ಉಷ್ಣ ಮಾಡಿತು" ಎಂದು ಯಾರಾದರೂ ಹೇಳುತ್ತಾರೆ. ಮನೋರೋಗಿಯ ಕತ್ತು ತಿರುಚಿದರೆ, ಕೈ ನಡುಗಿದರೆ, ಅವನು ಕುಳಿತಲ್ಲಿ ಕುಳಿತಿರಲಾರದೆ ಹೋದರೆ, ಅದು ಗುಳಿಗೆಯಿಂದಾದುದೆಂದು ಹೇಳುವವರು ವಿರಳ. ಎಲ್ಲವೂ ಹುಚ್ಚಿನ ಲೆಕ್ಕಕ್ಕೇ ಜಮೆಯಾಗುತ್ತದೆ. ಆ ಎರಡು ಲೆಕ್ಕಗಳನ್ನು ಬೇರ್ಪಡಿಸಿ ತೋರಿಸುವುದು ಈ ಲೇಖನದ ಉದ್ದೇಶ. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ, ಕಲಾ ವಿಭಾಗದವನು. ಆದರೆ ವಡಗೇರಾದ ನಮ್ಮ ಮನೆಗೆ ಎಂಟು ವರ್ಷಗಳಿಂದ ಈ ಗುಳಿಗೆಗಳು ಬರುತ್ತಿವೆ. ಅವುಗಳ ಹಿಂಬದಿಯ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ ಆದುದರಿಂದ, ಈ ವಿಷಯ ತಾನಾಗಿಯೇ ನನ್ನ ಪಾಲಿಗೆ ಬಂದಿತು.

ಮೊದಲು ರೋಗದ ಬಗ್ಗೆ ಎರಡು ಮಾತು. ಸ್ಕಿಜೋಫ್ರೇನಿಯಾ ಎಂಬ ರೋಗವನ್ನು ಕನ್ನಡದಲ್ಲಿ ಚಿತ್ತವಿಕಲತೆ ಎಂದು ಕರೆಯುವುದು ರೂಢಿ. ಯಾರೂ ಇಲ್ಲದೆಡೆಯಲ್ಲಿ ಮಾತು ಕೇಳಿಸುವುದು, ತನ್ನವರೇ ತನಗೆ ವಿಷ ಹಾಕುತ್ತಿದ್ದಾರೆಂಬ ಬಲವಾದ ಸಂಶಯ, ಹೊಂದಿಕೆಯಿಲ್ಲದ ಮಾತು, ಬರಬರುತ್ತ ಜನರಿಂದಲೂ ಕೆಲಸದಿಂದಲೂ ದೂರವಾಗುವುದು, ಇವು ಅದರ ಲಕ್ಷಣಗಳು. ಬಹುಮಟ್ಟಿಗೆ ಹದಿಹರೆಯದ ಕೊನೆಗೂ ಮೂವತ್ತರ ಒಳಗೂ, ಎಂದರೆ ನಮ್ಮ ಈ ತರಗತಿಗಳಲ್ಲಿ ಕುಳಿತವರ ವಯಸ್ಸಿನಲ್ಲಿಯೇ, ಇದು ತಲೆದೋರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು 1.4 ಮಂದಿ ತಮ್ಮ ಜೀವಮಾನದಲ್ಲಿ ಒಮ್ಮೆಯಾದರೂ ಈ ರೋಗಕ್ಕೋ ಇದೇ ಜಾತಿಯ ಇನ್ನೊಂದಕ್ಕೋ ತುತ್ತಾದವರು. ಹಾಗಾದರೆ ಇದು ಎಲ್ಲೋ ದೂರದ ಆಸ್ಪತ್ರೆಯ ಗೋಡೆಗಳೊಳಗಿನ ವಿಷಯವಲ್ಲ. ಪ್ರತಿ ಊರಿನ ವಿಷಯ.

ಈ ರೋಗಕ್ಕೆ ಔಷಧವೇ ಇಲ್ಲವೆಂಬ ಕಾಲವೊಂದಿತ್ತು. ಆದರೂ ಭಾರತದಲ್ಲಿ ಸರ್ಪಗಂಧದ ಬೇರನ್ನು ಬಹು ಹಿಂದಿನಿಂದ ಬಳಸುತ್ತಿದ್ದರು. ಬಿಹಾರದ ಕಡೆ ಅದಕ್ಕೆ 'ಪಾಗಲ್ ಕೀ ದವಾ' ಎಂದೇ ಹೆಸರಿತ್ತಂತೆ. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು 1931ರಲ್ಲಿ ಆ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಒಳ್ಳೆಯದೆಂದು ವೈದ್ಯ ಪತ್ರಿಕೆಯಲ್ಲಿ ಬರೆದರು. ಅದರ ಸಾರವಾದ ರೆಸರ್ಪಿನ್ ಎಂಬ ವಸ್ತುವನ್ನು 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ಬೇರ್ಪಡಿಸಿದರು. ಅದೇ 1952ರಲ್ಲಿ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡೆಲೇ ಮತ್ತು ಡೆನಿಕೆರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಹೊಸ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ವರ್ಷಗಟ್ಟಲೆ ಕೂಗಾಡುತ್ತಿದ್ದವರು ಶಾಂತರಾದರು, ಎದುರಿನವರೊಡನೆ ಮಾತನಾಡಿದರು. ಜಗತ್ತಿನ ಮನೋರೋಗದ ಆಸ್ಪತ್ರೆಗಳ ಬಾಗಿಲು ತೆರೆಯಲು ಇದು ಒಂದು ಮುಖ್ಯ ಕಾರಣವಾಯಿತು.

ನಮ್ಮ ಕಡೆಗೆ ಈ ಗುಳಿಗೆಗಳು ಬಂದ ದಾರಿಯೂ ತಿಳಿಯತಕ್ಕದ್ದೇ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಅದೂ ಅಲ್ಲಿಯ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಆದರೆ ಬೆಂಗಳೂರು ನಮಗೆ ಒಂದು ರಾತ್ರಿಯ ಪ್ರಯಾಣ. ರೋಗಿಯನ್ನು ಹಿಡಿದುಕೊಂಡು ಯಾರು ಹೋಗಬೇಕು? ಇದಕ್ಕೆ ಉತ್ತರವಾಗಿ ನಿಮ್ಹಾನ್ಸಿನವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು, ಕೆಲವೇ ಅಗ್ಗದ ಔಷಧಗಳನ್ನು ಅಲ್ಲಿಯೇ ಇಟ್ಟರು. ಅದು ಸಾಧ್ಯವೆಂದು ಕಂಡುಬಂದ ಮೇಲೆ 1996ರಲ್ಲಿ ಅದೇ ಮಾದರಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಂದು ಕೃಷ್ಣೆ-ಭೀಮೆಯರ ನಡುವಿನ ಹಳ್ಳಿಯ ಮನೆಯೊಂದರಲ್ಲಿ ಈ ಗುಳಿಗೆ ಸಿಕ್ಕುವುದಾದರೆ ಅದರ ಮೂಲ ಬಳ್ಳಾರಿಯಲ್ಲಿದೆ. ಗುಳಿಗೆ ಬಂದಿತು, ಅದು ಉಪಕಾರವೇ. ಗುಳಿಗೆಯ ಜೊತೆಗೆ ಬರಬೇಕಾಗಿದ್ದ ನಾಲ್ಕು ಮಾತುಗಳು ಮಾತ್ರ ಎಷ್ಟೋ ಮನೆಗಳಿಗೆ ಇನ್ನೂ ಬಂದಿಲ್ಲ.

ಈಗ ಔಷಧವು ಮಿದುಳಿನಲ್ಲಿ ಮಾಡುವ ಕೆಲಸವನ್ನು ನೋಡೋಣ. ನರದಿಂದ ನರಕ್ಕೆ ಸುದ್ದಿ ಒಯ್ಯುವ ರಾಸಾಯನಿಕಗಳಲ್ಲಿ ಡೋಪಮಿನ್ ಒಂದು. ಚಿತ್ತವಿಕಲತೆಯಲ್ಲಿ ಮಿದುಳಿನ ಕೆಲವೆಡೆ ಅದರ ಹರಿವು ಮಿತಿಮೀರುತ್ತದೆ. ಇಲ್ಲದ ದನಿ ಕೇಳಿಸುವುದಕ್ಕೂ ಸಂಶಯ ಬೇರೂರುವುದಕ್ಕೂ ಅದಕ್ಕೂ ಸಂಬಂಧವಿದೆ. ಔಷಧಗಳು ಡೋಪಮಿನ್ ಬಂದು ಸೇರುವ ಜಾಗಗಳನ್ನು ತಾವು ಹಿಡಿದುಕೊಂಡು ಆ ಹರಿವಿಗೆ ತಡೆ ಹಾಕುತ್ತವೆ. ತೊಂದರೆ ಇರುವುದು ಇಲ್ಲಿಯೇ. ನಾರಾಯಣಪುರದ ಕಾಲುವೆಯನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒಂದು ಹೊಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತಿದೆಯೆಂದು ಮೇಲಿನ ಗೇಟನ್ನೇ ಇಳಿಸಿದರೆ, ಆ ಹೊಲ ಉಳಿಯುತ್ತದೆ, ಕಾಲುವೆಯ ಕೊನೆಯ ಹೊಲಗಳು ಒಣಗುತ್ತವೆ. ಮಿದುಳಿನಲ್ಲಿ ಡೋಪಮಿನ್ನಿನ ಕಾಲುವೆಗಳು ಹಲವು. ಒಂದು ಆಲೋಚನೆಗೆ ಸಂಬಂಧಿಸಿದ್ದು, ಒಂದು ಉತ್ಸಾಹಕ್ಕೆ, ಒಂದು ಕೈಕಾಲುಗಳ ಚಲನೆಯನ್ನು ಹದದಲ್ಲಿಡುವುದು, ಮತ್ತೊಂದು ಎದೆಹಾಲಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಎಂಬ ರಸವನ್ನು ಅಂಕೆಯಲ್ಲಿಡುವುದು. ಗುಳಿಗೆಗೆ ಈ ಹೊಲ ಆ ಹೊಲ ಎಂಬ ಭೇದ ತಿಳಿಯದು.

ಇದನ್ನು ಅಂಕಿಗಳಲ್ಲಿ ತೋರಿಸಿದವರು ಶಿತಿಜ್ ಕಪೂರ್ ಎಂಬ ಭಾರತೀಯ ಮೂಲದ ವೈದ್ಯರು. ಕೆನಡಾದಲ್ಲಿ ಅವರು ಮತ್ತು ಅವರ ಸಂಗಡಿಗರು ಹಾಲೊಪೆರಿಡಾಲ್ ತೆಗೆದುಕೊಳ್ಳುತ್ತಿದ್ದ ರೋಗಿಗಳ ಮಿದುಳಿನ ಚಿತ್ರ ತೆಗೆದು, 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಡೋಪಮಿನ್ ಸೇರುವ ಜಾಗಗಳಲ್ಲಿ ನೂರಕ್ಕೆ 65ರಷ್ಟನ್ನು ಔಷಧ ಹಿಡಿದಾಗ ರೋಗ ಇಳಿಯುವ ಸಂಭವ ಹೆಚ್ಚು. 72 ದಾಟಿದರೆ ಪ್ರೊಲ್ಯಾಕ್ಟಿನ್ ಏರುತ್ತದೆ. 78 ದಾಟಿದರೆ ಕೈಕಾಲುಗಳ ಬಿಗಿತ ಮುಂತಾದವು ಕಾಣಿಸಿಕೊಳ್ಳುತ್ತವೆ. ಗುಣಕ್ಕೂ ತೊಂದರೆಗೂ ನಡುವಿನ ಅಂತರ ಎಷ್ಟು ಕಿರಿದು ನೋಡಿ! ರೋಗಿಯ ಕೈ ನಡುಗುವ ಮಟ್ಟಕ್ಕೆ ಬಂದರೇ ಔಷಧದ ಪ್ರಮಾಣ ಸರಿಯಾಯಿತೆಂದು ಒಂದು ಕಾಲದಲ್ಲಿ ಹಲವು ವೈದ್ಯರು ನಂಬಿದ್ದರಂತೆ. ಆ ನಂಬಿಕೆ ತಪ್ಪೆಂದು ಈ ಅಂಕಿಗಳೇ ಹೇಳುತ್ತವೆ. ನಡುಕವಿಲ್ಲದೆಯೂ ಗುಣ ಸಾಧ್ಯ.

ದೇಹದ ಮೇಲಿನ ಪರಿಣಾಮಗಳಲ್ಲಿ ಎಲ್ಲಕ್ಕಿಂತ ಬೇಗ ಬರುವುದೂ ಎಲ್ಲಕ್ಕಿಂತ ಭಯ ಹುಟ್ಟಿಸುವುದೂ ಡಿಸ್ಟೋನಿಯಾ, ಎಂದರೆ ಸ್ನಾಯುಗಳ ಹಠಾತ್ ಸೆಳೆತ. ಔಷಧ ಪ್ರಾರಂಭಿಸಿದ ಅಥವಾ ಸೂಜಿ ಹಾಕಿಸಿದ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಅದು ಬರುತ್ತದೆ. ಪ್ರಾಯದ ಗಂಡಸರಲ್ಲಿ ಹೆಚ್ಚು. ಕತ್ತು ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲಿಯೇ ನಿಲ್ಲುತ್ತದೆ, ದವಡೆ ಕಚ್ಚುತ್ತದೆ ಅಥವಾ ನಾಲಗೆ ಹೊರಚಾಚುತ್ತದೆ. ರೋಗಿಗೆ ಎಚ್ಚರವಿರುತ್ತದೆ, ಎಲ್ಲವೂ ತಿಳಿಯುತ್ತಿರುತ್ತದೆ. ಮಾತು ಮಾತ್ರ ಹೊರಡದು.

ನನ್ನ ಕಾಕಾನಿಗೆ ಹೀಗಾದದ್ದನ್ನು ನಾನು ಹನ್ನೆರಡನೆಯ ವಯಸ್ಸಿನಲ್ಲಿ ಕಂಡೆ. ಒಂದು ಆಸ್ಪತ್ರೆಯಲ್ಲಿ ಅವನಿಗೆ ಸೂಜಿ ಹಾಕಿಸಿಕೊಂಡು ಬಂದಿದ್ದರು. ಹೀಗೂ ಆಗಬಹುದೆಂದು ಅಲ್ಲಿ ಯಾರೂ ಹೇಳಿರಲಿಲ್ಲ. ಎರಡನೆಯ ರಾತ್ರಿ ಅವನ ಮುಖ ಎಡಹೆಗಲಿನ ಕಡೆಗೆ ತಿರುಗಿ ನಿಂತಿತು, ಕಣ್ಣಿನಲ್ಲಿ ಬಿಳಿ ಮಾತ್ರ ಕಾಣುತ್ತಿತ್ತು. ಓಣಿಯ ಜನ ಕೂಡಿದರು. "ಇದು ಗಾಳಿ ಸೋಕ್ಯಾದ, ದವಾಖಾನಿ ಕೆಲಸ ಅಲ್ಲ" ಎಂದರು ಒಬ್ಬರು. ಇನ್ನೊಬ್ಬರು ಗಾಣಗಾಪುರಕ್ಕೆ ಕರೆದೊಯ್ಯಿರಿ ಎಂದರು. ನಮ್ಮ ಆಯಿ, ಎಂದರೆ ತಂದೆಯ ತಾಯಿ, ನಿಂಬೆಹಣ್ಣು ಇಳಿಸಿ ಒಗೆದಳು. ಬೆಳಗಾಗುವ ಮೊದಲೇ ನನ್ನ ತಂದೆ ಟಂಟಂ ಮಾಡಿಕೊಂಡು ಅವನನ್ನು ಬೇರೊಂದು ಆಸ್ಪತ್ರೆಗೆ ಒಯ್ದರು. ಅಲ್ಲಿದ್ದ ನರ್ಸಮ್ಮನವರು ಮುಖ ನೋಡಿದವರೇ ಕೇಳಿದ ಮೊದಲ ಪ್ರಶ್ನೆ, "ಇವನಿಗೆ ತಲಿ ಸೂಜಿ ಯಾವಾಗ ಹಾಕಿಸೀರಿ?" ಎಂಬುದು. ವೈದ್ಯರು ಬಂದು ಪ್ರೊಮೆಥಜಿನ್ ಎಂಬ ಔಷಧದ ಸೂಜಿ ಹಾಕಿದರು. ಅರ್ಧ ಗಂಟೆಯೊಳಗೆ ಕತ್ತು ತಾನಾಗಿಯೇ ನೆಟ್ಟಗಾಯಿತು. ಕಾಕಾ ನೀರು ಕೇಳಿದ. ಗಾಣಗಾಪುರದ ದತ್ತಾತ್ರೇಯನ ಮೇಲೆ ನಮ್ಮ ಮನೆಯವರಿಗೆ ಭಕ್ತಿಯುಂಟು, ಈಗಲೂ ಹೋಗುತ್ತಾರೆ. ಆದರೆ ಆ ರಾತ್ರಿ ಕತ್ತನ್ನು ತಿರುವಿದ್ದು ಗಾಳಿಯಲ್ಲ, ಔಷಧ, ಸರಿಪಡಿಸಿದ್ದೂ ಔಷಧವೇ.

ಹೀಗೇಕಾಗುತ್ತದೆಂಬುದಕ್ಕೆ ಕಾರಣವಿದೆ. ಚಲನೆಯ ವಿಷಯದಲ್ಲಿ ಡೋಪಮಿನ್ ಮತ್ತು ಅಸಿಟೈಲ್‌ಕೊಲಿನ್ ಎಂಬ ಎರಡು ರಾಸಾಯನಿಕಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ. ಒಂದರ ಬಲ ಕುಂದಿದರೆ ಇನ್ನೊಂದು ಬಂಡಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಆಗ ಎರಡನೆಯ ಎತ್ತಿನ ಬಲವನ್ನೂ ತುಸು ತಗ್ಗಿಸಿದರೆ ಬಂಡಿ ನೆಟ್ಟಗಾಗುತ್ತದೆ. ಪ್ರೊಮೆಥಜಿನ್ ಮಾಡಿದ್ದು ಅದನ್ನೇ. ಚಿತ್ತವಿಕಲತೆಯ ಗುಳಿಗೆಯೊಡನೆ ಹಲವರಿಗೆ ಟ್ರೈಹೆಕ್ಸಿಫೆನಿಡಿಲ್ ಎಂಬ ಸಣ್ಣ ಗುಳಿಗೆಯನ್ನು ಕೊಡುವುದೂ ಅದಕ್ಕಾಗಿಯೇ. ಈ ಸಣ್ಣ ಗುಳಿಗೆಯನ್ನು ರೋಗದ ಔಷಧವೆಂದು ತಿಳಿದವರು ಬಹಳ. ಅದು ಔಷಧಕ್ಕೆ ಔಷಧ. ಅದಕ್ಕೂ ತನ್ನದೇ ತೊಂದರೆಗಳಿವೆ: ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ಮಲ ಕಟ್ಟುವುದು, ಮರೆವು. ಮತ್ತೊಂದನ್ನು ಮುಂದೆ ಹೇಳುತ್ತೇನೆ.

ಡಿಸ್ಟೋನಿಯಾ ಬಂದು ಹೋಗುವಂಥದು. ಬಿಗಿತ ಮತ್ತು ನಡುಕ ನಿಧಾನವಾಗಿ ಬಂದು ಉಳಿಯುವಂಥವು. ಮುಖದಲ್ಲಿ ಭಾವವಿಲ್ಲದೆ ಕಲ್ಲಿನಂತಾಗುವುದು, ನಡೆಯುವಾಗ ಕೈ ಬೀಸದಿರುವುದು, ಹೆಜ್ಜೆ ಎತ್ತದೆ ಕಾಲು ಎಳೆದು ನಡೆಯುವುದು, ಜೊಲ್ಲು ಸುರಿಯುವುದು. ಮುದುಕರಿಗೆ ಬರುವ ಪಾರ್ಕಿನ್ಸನ್ ರೋಗವನ್ನು ಇದು ಹೋಲುತ್ತದೆ. ಹೋಲಿಕೆ ಆಕಸ್ಮಿಕವಲ್ಲ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ನಮ್ಮ ಸರ್ಪಗಂಧದ ರೆಸರ್ಪಿನ್ ಕೊಟ್ಟರು. ಅವು ಕದಲದೆ ಕುಳಿತವು. ಬಳಿಕ ದೇಹದಲ್ಲಿ ಡೋಪಮಿನ್ ಆಗಿ ಮಾರ್ಪಡುವ ಎಲ್-ಡೋಪಾ ಕೊಟ್ಟೊಡನೆ ಎದ್ದು ಓಡಾಡಿದವು. ಪಾರ್ಕಿನ್ಸನ್ ರೋಗಕ್ಕೆ ಮದ್ದು ಸಿಕ್ಕಿದ್ದು ಈ ದಾರಿಯಿಂದ. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಮೊಲದ ಈ ಕಥೆಯನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರ ಕಟ್ಟೆಯ ಮೇಲಿನ ಮಾತು: "ಗುಳಿಗಿ ತಿಂದು ತಿಂದು ಮಂದ ಆಗ್ಯಾನ, ಮೈಗಳ್ಳ." ಮೈಗಳ್ಳತನವೆಂದು ಬೈಸಿಕೊಳ್ಳುವವನ ಡೋಪಮಿನ್ ಕಾಲುವೆಯ ಗೇಟು ಇಳಿದಿದೆ ಎಂಬುದು ಬೈಯುವವರಿಗೆ ಹೇಗೆ ತಿಳಿಯಬೇಕು?

ಬಿಗಿತಕ್ಕೆ ತೀರ ವಿರುದ್ಧವಾದದ್ದು ಅಕತೀಸಿಯಾ. ಇದರಲ್ಲಿ ರೋಗಿ ಕುಳಿತಿರಲಾರ, ನಿಂತಿರಲಾರ. ಕಾಲೊಳಗೆ ಇರುವೆ ಹರಿದಂತಾಗಿ ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ಅಲೆಯುತ್ತಾನೆ. ಉಣ್ಣಲು ಕುಳಿತವನು ರೊಟ್ಟಿ ಬಿಟ್ಟು ಏಳುತ್ತಾನೆ. ನನ್ನ ಅಭಿಪ್ರಾಯದಲ್ಲಿ ಎಲ್ಲ ಪರಿಣಾಮಗಳಲ್ಲಿ ಅತ್ಯಂತ ಅನ್ಯಾಯಕ್ಕೆ ಗುರಿಯಾಗುವುದು ಇದೇ. ನೋಡುವವರಿಗೆ ಇದು ರೋಗ ಉಲ್ಬಣಿಸಿದಂತೆ ಕಾಣುತ್ತದೆ. ಔಷಧ ಹೆಚ್ಚಿಸಿರೆಂದು ಮನೆಯವರೇ ಕೇಳುತ್ತಾರೆ. ಹೆಚ್ಚಿಸಿದರೆ ಚಡಪಡಿಕೆಯೂ ಹೆಚ್ಚುತ್ತದೆ. ಅಲೆಯುವವನನ್ನು ಕಟ್ಟಿಹಾಕುವ ಮನೆಗಳೂ ಉಂಟು. ಈ ಯಾತನೆ ತಾಳಲಾರದೆ ಪ್ರಾಣ ಕಳೆದುಕೊಳ್ಳಲು ಯೋಚಿಸುವವರೂ ಇದ್ದಾರೆಂದು ವೈದ್ಯರು ಎಚ್ಚರಿಸುತ್ತಾರೆ. ಪ್ರಮಾಣ ಇಳಿಸುವುದು, ಔಷಧ ಬದಲಿಸುವುದು, ಪ್ರೊಪ್ರನಲಾಲ್ ಎಂಬ ಗುಳಿಗೆ ಕೊಡುವುದು, ಇವು ಪರಿಹಾರಗಳು. ರೋಗಿಯನ್ನು "ಒಳಗೆ ಏನಾಗುತ್ತದೆ?" ಎಂದು ಕೇಳಿದರೆ ಅವನೇ ಹೇಳುತ್ತಾನೆ. ಕೇಳಬೇಕಷ್ಟೆ.

ಕೆಲವು ತಿಂಗಳುಗಳ ಅಥವಾ ವರ್ಷಗಳ ಮೇಲೆ ಬರುವುದು ಟಾರ್ಡಿವ್ ಡಿಸ್ಕೈನೀಸಿಯಾ. 1964ರಲ್ಲಿ ಕೊಟ್ಟ ಈ ಹೆಸರಿನ ಅರ್ಥ 'ತಡವಾಗಿ ಬರುವ ಚಲನೆ' ಎಂದು. ಬಾಯಲ್ಲಿ ಏನೂ ಇಲ್ಲದೆ ಎಲೆ-ಅಡಿಕೆ ಮೆಲ್ಲುವಂತೆ ದವಡೆ ಆಡುತ್ತಿರುತ್ತದೆ, ನಾಲಗೆ ಹೊರಳುತ್ತಿರುತ್ತದೆ. ವಯಸ್ಸಾದವರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ಮತ್ತು ಸಕ್ಕರೆ ರೋಗವಿದ್ದವರಲ್ಲಿ ಇದರ ಭಯ ಹೆಚ್ಚು. ಔಷಧ ನಿಲ್ಲಿಸಿದರೂ ಇದು ಹೋಗದಿರಬಹುದು. ಆ ಸಣ್ಣ ಗುಳಿಗೆ ಟ್ರೈಹೆಕ್ಸಿಫೆನಿಡಿಲ್ ಇದನ್ನು ಕೆಡಿಸುವುದೂ ಉಂಟು. ಆದುದರಿಂದ ಮೊದಲ ಚಿಹ್ನೆ ಕಂಡಾಗಲೇ ವೈದ್ಯರಿಗೆ ತೋರಿಸಬೇಕು. ಇಲ್ಲಿ ಔಷಧದ ಪಕ್ಷದಲ್ಲಿಯೂ ಒಂದು ಮಾತು ಹೇಳಬೇಕು. ಮದರಾಸಿನ ಸುತ್ತಲಿನ ಹಳ್ಳಿಗಳಲ್ಲಿ, ಒಂದು ಗುಳಿಗೆಯನ್ನೂ ಎಂದೂ ನುಂಗದ ಚಿತ್ತವಿಕಲತೆಯ ರೋಗಿಗಳನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಲ್ಲಿಯೂ ಕೆಲವರಿಗೆ ಇಂಥ ಚಲನೆಗಳಿದ್ದವು. ಹಾಗಾಗಿ ಎಲ್ಲವನ್ನೂ ಗುಳಿಗೆಯ ತಲೆಗೆ ಕಟ್ಟುವುದೂ ಸರಿಯಲ್ಲ.

ತೀರ ಅಪರೂಪವಾದರೂ ಪ್ರಾಣಕ್ಕೆ ಎರವಾಗುವ ಇನ್ನೊಂದುಂಟು. ಮೈ ಕಬ್ಬಿಣದ ಕೊಳವೆಯಂತೆ ಬಿಗಿದು, ಜ್ವರ ಏರಿ, ಬೆವರು ಸುರಿದು, ರೋಗಿ ಗೊಂದಲಕ್ಕೀಡಾಗುತ್ತಾನೆ. ಇದು ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್. ನಮ್ಮ ಸೀಮೆಯಲ್ಲಿ ಇದನ್ನು ಮಲೇರಿಯವೆಂದೋ ಬಿಸಿಲು ಬಡಿದದ್ದೆಂದೋ ತಿಳಿಯುವ ಸಂಭವವಿದೆ. ಮನೋರೋಗದ ಔಷಧ ತೆಗೆದುಕೊಳ್ಳುವವರಿಗೆ ಜ್ವರದೊಡನೆ ಬಿಗಿತ ಬಂದರೆ ಗುಳಿಗೆಯ ಚೀಟಿಯನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಓಡಬೇಕು.

ಬಿಸಿಲಿನ ಮಾತು ಬಂದಿತಲ್ಲ, ಅದನ್ನು ತುಸು ವಿಸ್ತಾರವಾಗಿ ಹೇಳುವುದು ನಮ್ಮ ಜಿಲ್ಲೆಯವನಾದ ನನಗೆ ಅಗತ್ಯವೆನಿಸುತ್ತದೆ. ನಾನು ಓದಿದ ತಂಪು ದೇಶಗಳ ಬರಹಗಳಲ್ಲಿ ಇದಕ್ಕೆ ಒಂದೆರಡು ಸಾಲು ಮಾತ್ರ. ಕ್ಲೋರ್‌ಪ್ರೊಮಜಿನ್ ಮನೋರೋಗಕ್ಕೆ ಬರುವ ಮೊದಲು ಫ್ರಾನ್ಸಿನ ಲಾಬೊರಿ ಎಂಬ ಶಸ್ತ್ರವೈದ್ಯರು ಅದನ್ನು ಬಳಸಿದ್ದು ರೋಗಿಯ ಮೈಯನ್ನು ತಂಪಾಗಿಸಿ 'ಕೃತಕ ಶೀತನಿದ್ರೆ'ಯಲ್ಲಿಡುವುದಕ್ಕೆ. ಎಂದರೆ ದೇಹವು ತನ್ನ ಶಾಖವನ್ನು ತಾನೇ ಹದದಲ್ಲಿಡುವ ಶಕ್ತಿಯನ್ನು ಈ ಔಷಧ ಕುಂದಿಸುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಯ ಚಳಿಯಲ್ಲಿ ಮೈ ತಣ್ಣಗಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಯಾದಗಿರಿಯ ಬಿಸಿಲಿನಲ್ಲಿ ಅದೇ ಮೈ ಕಾದು ಹೋಗುತ್ತದೆ. ಇದಕ್ಕೆ ಜೊತೆಯಾಗಿ ಟ್ರೈಹೆಕ್ಸಿಫೆನಿಡಿಲ್ ಬೆವರನ್ನು ತಡೆಯುತ್ತದೆ. ಮುಂದೆ ಹೇಳುವೆನೆಂದದ್ದು ಇದನ್ನೇ. ಬೆವರಿಲ್ಲದೆ ಮೈ ಹೇಗೆ ತಣಿಯಬೇಕು? ಕ್ಲೋರ್‌ಪ್ರೊಮಜಿನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ ಸಹ. 2021ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಎಂದೂ ಕಾಣದ ಬಿಸಿಗಾಳಿ ಬೀಸಿದಾಗ ಸತ್ತವರಲ್ಲಿ ಚಿತ್ತವಿಕಲತೆಯವರ ಪಾಲು, ಜನಸಂಖ್ಯೆಯಲ್ಲಿ ಅವರ ಪಾಲಿಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ನಮ್ಮಲ್ಲಿ ಬೇಸಿಗೆ ಪ್ರತಿ ವರ್ಷವೂ ಬರುತ್ತದೆ. ಹೊಲದ ಕೆಲಸವನ್ನೋ ಉದ್ಯೋಗ ಖಾತರಿಯ ಮಣ್ಣಿನ ಕೆಲಸವನ್ನೋ ಮಾಡುವ ಇಂಥವರು ಬೆಳಗಿನ ತಂಪಿನಲ್ಲಿ ಮುಗಿಸಿಕೊಳ್ಳಬೇಕು. ತಲೆಗೆ ವಸ್ತ್ರ ಕಟ್ಟಬೇಕು. ಬಾಯಾರಿಕೆ ಕಾಯದೆ ನೀರು, ಮಜ್ಜಿಗೆ ಕುಡಿಯಬೇಕು.

1990ರ ದಶಕದಿಂದ ಬಂದ ಹೊಸ ಔಷಧಗಳಲ್ಲಿ ಬಿಗಿತ-ನಡುಕ ಕಡಿಮೆ. ಆದರೆ ಒಲಾನ್ಜಪಿನ್ ಮುಂತಾದವು ಹಸಿವನ್ನು ಹೆಚ್ಚಿಸುತ್ತವೆ, ತೂಕ ಏರಿಸುತ್ತವೆ, ಸಕ್ಕರೆ ರೋಗಕ್ಕೂ ರಕ್ತದ ಕೊಬ್ಬಿಗೂ ದಾರಿ ಮಾಡುತ್ತವೆ. ನಮ್ಮ ಜನ ಇದನ್ನು ತೊಂದರೆಯೆಂದೇ ಎಣಿಸುವುದಿಲ್ಲ. "ಮೈ ತುಂಬ್ಯಾದ, ಗುಣ ಆಗ್ಯಾನ" ಎನ್ನುತ್ತಾರೆ. ಬಡತನದಲ್ಲಿ ದಪ್ಪಗಾಗುವುದೇ ಆರೋಗ್ಯವೆಂದು ನಂಬಿದವರಿಗೆ ಸೊಂಟದ ಸುತ್ತಳತೆ ಅಪಾಯದ ಗುರುತೆಂದು ಹೇಳುವುದು ಸುಲಭವಲ್ಲ. ತೀವ್ರ ಮನೋರೋಗವುಳ್ಳವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅವರಲ್ಲಿ ಬಹುಪಾಲು ಸಾಯುವುದು ಹೃದ್ರೋಗದಂಥ ದೇಹದ ರೋಗಗಳಿಂದ. ಔಷಧ ಪ್ರಾರಂಭಿಸುವ ಮೊದಲು ತೂಕ, ರಕ್ತದೊತ್ತಡ, ಸಕ್ಕರೆ ನೋಡಿ, ಮೂರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆಯಾದರೂ ನೋಡಬೇಕು. ಇದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ.

ಹೆಂಗಸರ ವಿಷಯದಲ್ಲಿ ನಾನು ಸಂಕೋಚ ಬಿಟ್ಟು ಬರೆಯಬೇಕಾಗಿದೆ. ರಿಸ್ಪೆರಿಡೋನ್ ಮತ್ತು ಹಳೆಯ ಔಷಧಗಳು ಪ್ರೊಲ್ಯಾಕ್ಟಿನ್ ಏರಿಸುವುದರಿಂದ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಬರಬಹುದು. ಮದುವೆಯಾಗದ ಹುಡುಗಿಗೋ ವಿಧವೆಗೋ ಹೀಗಾದರೆ ಆ ಮನೆಯಲ್ಲಿ ಏನು ನಡೆಯುವುದೆಂಬುದನ್ನು ವಾಚಕರು ಊಹಿಸಬಲ್ಲರು. ಆಕೆ ತನ್ನ ಪರವಾಗಿ ಮಾತನಾಡಿದರೂ ಹುಚ್ಚಿಯ ಮಾತೆಂದು ಯಾರೂ ಕೇಳರು. ಗುಳಿಗೆ ಕೊಡುವ ದಿನವೇ ತಾಯಿಯ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಆ ಹೆಣ್ಣುಮಗಳ ಮಾನ ಉಳಿಯುತ್ತದೆ. ಅರಿಪಿಪ್ರಜೋಲ್‌ನಂಥ ಪ್ರೊಲ್ಯಾಕ್ಟಿನ್ ಏರಿಸದ ಔಷಧಗಳೂ ಇವೆ, ಬದಲಿಸಿಕೊಡುವಂತೆ ಕೇಳಬಹುದು.

ಬೇರೆ ಔಷಧಗಳಿಗೆ ಬಗ್ಗದ ರೋಗಕ್ಕೆ ಕೊಡುವುದು ಕ್ಲೋಜಪಿನ್. 1975ರಲ್ಲಿ ಫಿನ್ಲೆಂಡಿನಲ್ಲಿ ಇದನ್ನು ತೆಗೆದುಕೊಂಡ ಕೆಲವರ ರಕ್ತದ ಬಿಳಿಕಣಗಳು ಕುಸಿದು, ಸೋಂಕು ತಗಲಿ 8 ಮಂದಿ ಸತ್ತರು. ಹಲವು ದೇಶಗಳಲ್ಲಿ ಅದನ್ನು ಹಿಂತೆಗೆದುಕೊಂಡರು. 1988ರಲ್ಲಿ ಅಮೆರಿಕದ ಅಧ್ಯಯನವೊಂದು ಇಂಥ ರೋಗದಲ್ಲಿ ಇದು ಕ್ಲೋರ್‌ಪ್ರೊಮಜಿನ್‌ಗಿಂತ ಹೆಚ್ಚು ಗುಣಕಾರಿಯೆಂದು ತೋರಿಸಿದ ಮೇಲೆ, ರಕ್ತ ಪರೀಕ್ಷೆಯ ಕಟ್ಟುಪಾಡಿನೊಡನೆ ಮರಳಿ ಬಂದಿತು. ಮೊದಲ 18 ವಾರ ವಾರಕ್ಕೊಮ್ಮೆ, ಬಳಿಕ ತಿಂಗಳಿಗೊಮ್ಮೆ ಪರೀಕ್ಷಿಸುವುದು ರೂಢಿ. ನಮ್ಮಂಥವರಿಗೆ ಪ್ರತಿ ಪರೀಕ್ಷೆಯೂ ಇಬ್ಬರ ಒಂದು ದಿನದ ಕೂಲಿ. ಆದರೂ ತಪ್ಪಿಸತಕ್ಕದ್ದಲ್ಲ; ಜ್ವರ, ಗಂಟಲು ನೋವು ಬಂದರೆ ಅಂದೇ ರಕ್ತ ನೋಡಿಸಬೇಕು. ಮಲಬದ್ಧತೆಯನ್ನೂ ಕಡೆಗಣಿಸಬಾರದು; ಕರುಳು ಕಟ್ಟಿ ಸತ್ತವರುಂಟು. ಇನ್ನೊಂದು ಸ್ವಾರಸ್ಯ: ಬೀಡಿಯ ಹೊಗೆ ಕ್ಲೋಜಪಿನ್ ಮತ್ತು ಒಲಾನ್ಜಪಿನ್ ಅನ್ನು ದೇಹದಿಂದ ಬೇಗ ಹೊರದೂಡುತ್ತದೆ. ಕಟ್ಟು ಬೀಡಿ ಸೇದುವವನು ಒಮ್ಮೆಗೇ ಬಿಟ್ಟರೆ ರಕ್ತದಲ್ಲಿ ಔಷಧ ಏರಿ ಅಮಲಾಗುತ್ತದೆ. ಬಿಡುವುದು ಒಳ್ಳೆಯದೇ, ವೈದ್ಯರಿಗೆ ಹೇಳಿ ಬಿಡಬೇಕು.

ಇಷ್ಟೆಲ್ಲ ಓದಿದವರು, ಹಾಗಾದರೆ ಈ ಗುಳಿಗೆಗಳೇ ಬೇಡವೆಂದಾರು. ಲೆಕ್ಕ ಹಾಗೆ ಹೇಳುವುದಿಲ್ಲ. 2012ರಲ್ಲಿ 65 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಂದು ವರ್ಷದೊಳಗೆ ರೋಗ ಮರುಕಳಿಸಿದ್ದು ಔಷಧ ಮುಂದುವರಿಸಿದವರಲ್ಲಿ ನೂರಕ್ಕೆ 27 ಮಂದಿಗೆ, ಔಷಧವಿಲ್ಲದ ಗುಳಿಗೆ ನುಂಗಿದವರಲ್ಲಿ 64 ಮಂದಿಗೆ. ನಮ್ಮ ರಾಜ್ಯದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸಿನ ವೈದ್ಯರು ಮನೆ ಮನೆಯ ರೋಗಿಗಳನ್ನು ಗುರುತಿಸಿ ಹೋಲಿಸಿದಾಗಲೂ, ಚಿಕಿತ್ಸೆಯಲ್ಲಿದ್ದವರ ಅಶಕ್ತತೆ ಚಿಕಿತ್ಸೆಯಿಲ್ಲದವರಿಗಿಂತ ಕಡಿಮೆಯೆಂದು ಕಂಡುಬಂದಿತು. ಫಿನ್ಲೆಂಡಿನಲ್ಲಿ ಬಹುಕಾಲ ನಡೆದ ಲೆಕ್ಕದಲ್ಲಿ, ಔಷಧ ತೆಗೆದುಕೊಂಡವರಿಗಿಂತ ತೆಗೆದುಕೊಳ್ಳದ ರೋಗಿಗಳೇ ಹೆಚ್ಚು ಸತ್ತಿದ್ದಾರೆ. ತಾನಾಗಿ ಒಮ್ಮೆಗೇ ನಿಲ್ಲಿಸುವುದು ಅಪಾಯಕರ. ತಿಂಗಳ ಸೂಜಿಯ ವಿಷಯ ಬೇರೆಯೇ: ಫ್ಲೂಫೆನಜಿನ್ ಡೆಕನೊಯೇಟ್ ಅನ್ನು ಎಳ್ಳೆಣ್ಣೆಯಲ್ಲಿ ಬೆರೆಸಿ ಸ್ನಾಯುವಿಗೆ ಹಾಕುತ್ತಾರೆ, ಅದು ವಾರಗಟ್ಟಲೆ ಹನಿಹನಿಯಾಗಿ ರಕ್ತಕ್ಕೆ ಇಳಿಯುತ್ತದೆ. ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರಿಗೆ ಇದು ಅನುಕೂಲ, ದಿನವೂ ಗುಳಿಗೆ ನೆನಪಿಡಬೇಕಿಲ್ಲ. ತೊಂದರೆ ಕೊಟ್ಟರೆ ಮಾತ್ರ ಒಳಗೆ ಹೋದದ್ದನ್ನು ಹೊರತೆಗೆಯುವಂತಿಲ್ಲ.

ಹೀಗಿರುವಾಗ ನಮಗೆ ಬೇಕಾದುದು ಗುಳಿಗೆಯನ್ನು ಬಿಡುವುದಲ್ಲ, ಗುಳಿಗೆಯ ಬಗ್ಗೆ ಹೇಳಿಸಿಕೊಳ್ಳುವುದು. ಇದು ಯಾರ ಕೃಪೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 22ನೆಯ ಪ್ರಕರಣದಂತೆ, ರೋಗಿಗೆ ತನ್ನ ರೋಗದ ಸ್ವರೂಪವನ್ನೂ, ಕೊಡಲಿರುವ ಚಿಕಿತ್ಸೆಯನ್ನೂ, ಅದರಿಂದ ಆಗುವುದೆಂದು ತಿಳಿದಿರುವ ಅಡ್ಡ ಪರಿಣಾಮಗಳನ್ನೂ ತಿಳಿಯುವ ಹಕ್ಕಿದೆ. ಅದೂ ಅವನಿಗೆ ಅರ್ಥವಾಗುವ ಭಾಷೆಯಲ್ಲಿ. ನಮ್ಮ ಆಯಿಗೆ ಅರ್ಥವಾಗುವ ಭಾಷೆಯೆಂದರೆ ವಡಗೇರಾದ ಕನ್ನಡ. ವೈದ್ಯರ ಮುಂದೆ ಐವತ್ತು ಜನರ ಸಾಲಿರುತ್ತದೆ, ಅವರನ್ನೇ ದೂರಿ ಫಲವಿಲ್ಲ; ಆದರೆ ಒಂದು ಹಾಳೆಯಷ್ಟು ಕನ್ನಡದಲ್ಲಿ ಅಚ್ಚು ಹಾಕಿ ಗುಳಿಗೆಯೊಡನೆ ಕೊಡುವುದಕ್ಕೆ ಎಷ್ಟು ಖರ್ಚು? ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಮನೆಯಿಂದಲೇ ಕೇಳಬೇಕೆಂದರೆ 2022ರ ಅಕ್ಟೋಬರಿನಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಇದೆ. 14416ಕ್ಕೆ ಫೋನು ಮಾಡಿದರೆ ಹಗಲು ರಾತ್ರಿ ಎನ್ನದೆ ಕನ್ನಡದಲ್ಲಿ ಉತ್ತರ ಸಿಗುತ್ತದೆ, ಹಣ ಕೊಡಬೇಕಿಲ್ಲ.

ನಾನು ಮಾಡಿರುವುದು ಇಷ್ಟು. ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಕಾಕಾನ ಗುಳಿಗೆಗಳ ಹೆಸರು, ಸೂಜಿಯ ದಿನಾಂಕ, ತಿಂಗಳಿಗೊಮ್ಮೆ ಹತ್ತಿ ವ್ಯಾಪಾರಿಯ ತಕ್ಕಡಿಯಲ್ಲಿ ನೋಡಿದ ತೂಕ, ನಿದ್ದೆ, ಮಲವಿಸರ್ಜನೆ, ಕೈ ಮತ್ತು ದವಡೆ ಅಲುಗುತ್ತವೆಯೋ ಇಲ್ಲವೋ, ಇವನ್ನು ಬರೆದಿಡುತ್ತೇನೆ. ನಾನು ಊರಲ್ಲಿಲ್ಲದಾಗ ಆಯಿ ಹೇಳುತ್ತಾಳೆ, ಏಳನೆಯ ತರಗತಿಯ ನನ್ನ ತಂಗಿ ಬರೆಯುತ್ತಾಳೆ. ಕಳೆದ ಫೆಬ್ರವರಿಯಲ್ಲಿ ವೈದ್ಯರು ಆ ಪುಸ್ತಕವನ್ನು ಹಿಂದಿನಿಂದ ಮುಂದಿನವರೆಗೆ ಓದಿ, ಎರಡು ವರ್ಷಗಳಿಂದ ನಡುಕವಿಲ್ಲದ್ದನ್ನು ಕಂಡು, ಬೇಸಿಗೆ ಬರುವ ಮುನ್ನ ಟ್ರೈಹೆಕ್ಸಿಫೆನಿಡಿಲ್ ಅನ್ನು ಅರ್ಧಕ್ಕೆ ಇಳಿಸಿದರು. ಮೇ ತಿಂಗಳವರೆಗೂ ಕೈ ನಡುಗಲಿಲ್ಲ; ಬಾಯಿ ಒಣಗುವುದು ಕಡಿಮೆಯಾಗಿದೆಯೆಂದು ಕಾಕಾನೇ ಹೇಳಿದ, ಅದನ್ನೂ ಬರೆದುಕೊಂಡಿದ್ದೇವೆ.